ಕಳೆದುಹೋದ ಪುಸ್ತಕ, ಎರವಲು ಲಿಪಿ

ಬರ್ಮಾದ ಗುಡ್ಡಗಾಡಿನಲ್ಲೂ ಐರಾವತಿ ನದಿಯ ಮುಖಜ ಭೂಮಿಯಲ್ಲೂ ಬಾಳುತ್ತಿರುವ ಕರೆನ್ ಜನರಲ್ಲಿ ಒಂದು ಹಳೆಯ ಕಥೆಯಿದೆ. ಸೃಷ್ಟಿಕರ್ತನಾದ ಯ್ವಾ ಎಂಬಾತ ತನ್ನ ಮಕ್ಕಳಿಗೆಲ್ಲ ಒಂದೊಂದು ಪುಸ್ತಕ ಹಂಚಿದನಂತೆ. ಹಿರಿಯನಾದ ಕರೆನ್ ತನ್ನ ಪಾಲಿನ ಪುಸ್ತಕವನ್ನು ಹೊಲದ ಬದಿಯಲ್ಲಿಟ್ಟು ಕಾಡು ಕಡಿಯುವ ಕೆಲಸದಲ್ಲಿ ಮೈಮರೆತ. ಪುಸ್ತಕ ಹಾಳಾಯಿತು. ಮಳೆಗೆ ನೆನೆದು ಹೋಯಿತೆಂದು ಕೆಲವರೂ, ಕೋಳಿಗಳು ಕೆದಕಿ ಹಾಕಿದವೆಂದು ಇನ್ನು ಕೆಲವರೂ ಹೇಳುತ್ತಾರೆ. ಬಿಳಿಯ ಬಣ್ಣದ ಕಿರಿಯ ತಮ್ಮ ಮಾತ್ರ ತನ್ನ ಪುಸ್ತಕವನ್ನು ಜೋಪಾನವಾಗಿ ಸಮುದ್ರದಾಚೆ ಕೊಂಡೊಯ್ದ. ಎಂದಾದರೊಂದು ದಿನ ಅವನು ಅದನ್ನು ಹಿಂದಕ್ಕೆ ತಂದು ಕೊಡುತ್ತಾನೆ. ಇದು ಕಥೆ.

ಅಕ್ಷರವಿಲ್ಲದ ಜನರು ಅಕ್ಷರವಿರುವವರ ನಡುವೆ ಬದುಕುವಾಗ ಇಂಥ ಕಥೆ ಹುಟ್ಟುವುದು ಸಹಜ. ಕರೆನ್ನರ ಒಂದು ಪಕ್ಕದಲ್ಲಿ ಬರ್ಮೀಯರು, ಇನ್ನೊಂದು ಪಕ್ಕದಲ್ಲಿ ಮೋನ್ ಜನರು, ಮತ್ತೊಂದು ಕಡೆ ಥಾಯ್ ಜನರು. ಎಲ್ಲರಿಗೂ ಲಿಪಿಯಿತ್ತು, ಗ್ರಂಥಗಳಿದ್ದವು, ರಾಜರಿದ್ದರು. ತಮಗೂ ಇತ್ತು, ಆದರೆ ಕಳೆದುಹೋಯಿತು ಎಂದು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಮರ್ಯಾದೆಯ ಪ್ರಶ್ನೆ ಅಡಗಿದೆ.

ಅಚ್ಚರಿಯ ಸಂಗತಿಯೆಂದರೆ ಆ ಬಿಳಿಯ ತಮ್ಮ ನಿಜಕ್ಕೂ ಬಂದ! ಮೊದಲ ಆಂಗ್ಲೋ-ಬರ್ಮೀಸ್ ಯುದ್ಧ 1826ರಲ್ಲಿ ಮುಗಿದು ತೆನಸೆರಿಮ್ ಕರಾವಳಿ ಇಂಗ್ಲಿಷರ ಕೈಸೇರಿದ ಮೇಲೆ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು ಅಲ್ಲಿಗೆ ಕಾಲಿಟ್ಟರು. 1828ರಲ್ಲಿ ಕೋ ಥಾ ಬ್ಯೂ ಎಂಬ ಕರೆನ್ ವ್ಯಕ್ತಿ ಕ್ರೈಸ್ತನಾದ. ಒಂದು ಕಾಲಕ್ಕೆ ದರೋಡೆಕೋರನಾಗಿದ್ದ ಈತ ಮುಂದೆ ಹಳ್ಳಿ ಹಳ್ಳಿ ತಿರುಗಿ ತನ್ನ ಜನರಿಗೆ ಪುಸ್ತಕ ಮರಳಿ ಬಂದ ಸುದ್ದಿ ಹೇಳಿದ. ಜೊನಾಥನ್ ವೇಡ್ ಎಂಬ ಪಾದ್ರಿ 1830ರ ದಶಕದಲ್ಲಿ ಬರ್ಮೀ ಅಕ್ಷರಗಳನ್ನೇ ತಿದ್ದಿ ತೀಡಿ ಸ್ಗಾ ಕರೆನ್ ಭಾಷೆಗೆ ಒಂದು ಬರಹವನ್ನು ಸಿದ್ಧಪಡಿಸಿದ. 1842ರಲ್ಲಿ ಆ ಭಾಷೆಯಲ್ಲಿ ಪತ್ರಿಕೆಯೂ ಹೊರಟಿತು. ಅದರ ಹೆಸರಿನ ಅರ್ಥ ‘ಬೆಳ್ಳಿಚುಕ್ಕಿ’. 1853ರ ಹೊತ್ತಿಗೆ ಫ್ರಾನ್ಸಿಸ್ ಮೇಸನ್ ಅನುವಾದಿಸಿದ ಇಡೀ ಬೈಬಲ್ ಅಚ್ಚಾಯಿತು.

ನಮ್ಮಲ್ಲಿ ಮಂಗಳೂರಿನಿಂದ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು 1843ರಲ್ಲಿ. ಹತ್ತು ಹದಿನೈದು ವರ್ಷಗಳ ಹಿಂದೆ ಅಕ್ಷರವೇ ಇಲ್ಲದಿದ್ದ ಕರೆನ್ ಭಾಷೆಯ ಪತ್ರಿಕೆ ಸಾವಿರ ವರ್ಷ ಮೀರಿದ ಸಾಹಿತ್ಯವುಳ್ಳ ಕನ್ನಡದ ಮೊದಲ ಪತ್ರಿಕೆಗಿಂತ ಒಂದು ವರ್ಷ ಹಿರಿಯದು ಎಂಬುದನ್ನು ಗಮನಿಸಬೇಕು.

ಇದೇ ಮೋಗ್ಲಿಂಗ್ ಸಾಹೇಬನ ದಾರಿ ಹಿಡಿದು ಹೋದರೆ ನಾವು ಕೊಡಗನ್ನು ತಲುಪುತ್ತೇವೆ. ಕರೆನ್ನರ ಕಥೆಗೆ ಕರ್ನಾಟಕದಲ್ಲಿ ತೀರ ಹತ್ತಿರದ ನಿದರ್ಶನ ಸಿಗುವುದು ಅಲ್ಲೇ. ಗುಡ್ಡಗಾಡಿನ ನೆಲೆ, ಭತ್ತದ ಬೇಸಾಯ, ಬೇಟೆ, ಕೋವಿ ಕತ್ತಿಗಳ ಹೆಮ್ಮೆ, ನೆರೆಹೊರೆಯವರಿಗಿಂತ ಬೇರೆಯಾದ ಉಡುಗೆ, ಸುಗ್ಗಿಯ ಸುತ್ತ ಹೆಣೆದ ಹಬ್ಬಗಳು, ಎಲ್ಲಕ್ಕಿಂತ ಹೆಚ್ಚಾಗಿ ಹಾಡಿನಲ್ಲೇ ಉಳಿದುಬಂದ ಒಂದು ಭಾಷೆ. ಇಷ್ಟು ಸಾಮ್ಯವಿದ್ದರೂ ಕೊಡವರ ಪಾಲಿಗೆ ಪುಸ್ತಕ ಬಂದ ದಾರಿಯೇ ಬೇರೆ. ಈ ಎರಡು ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಭಾಷೆ ಬದುಕುವುದಕ್ಕೆ ಲಿಪಿ ಎಷ್ಟರಮಟ್ಟಿಗೆ ಬೇಕು ಎಂಬ ಪ್ರಶ್ನೆಗೆ ಸ್ವಲ್ಪ ಬೆಳಕು ಸಿಗಬಹುದು.

ನರಿ ಎಂದರೆ ಹುಲಿ

ಕೊಡವ ತಕ್ಕ್ ಕನ್ನಡದ ಒಂದು ಉಪಭಾಷೆ ಎಂದು ತಿಳಿದವರು ಈಗಲೂ ಇದ್ದಾರೆ. ಕೊಡವರು ಕನ್ನಡದಲ್ಲೇ ಓದಿ ಬರೆಯುವುದು, ಕೊಡಗು ಕರ್ನಾಟಕದಲ್ಲಿರುವುದು ಈ ಅಭಿಪ್ರಾಯಕ್ಕೆ ಕಾರಣವಿರಬೇಕು. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಅದು ದಕ್ಷಿಣ ದ್ರಾವಿಡ ಕುಟುಂಬದ ಸ್ವತಂತ್ರ ಭಾಷೆ. ನಂಟಸ್ತಿಕೆಯ ಲೆಕ್ಕದಲ್ಲಿ ಕನ್ನಡಕ್ಕಿಂತ ತಮಿಳು ಮಲಯಾಳಗಳ ಕಡೆಗೇ ಹೆಚ್ಚು ವಾಲುತ್ತದೆ.

ಹಾಗಿದ್ದರೂ ಕನ್ನಡದ ಕಿವಿಗೆ ಅದು ಹಳಗನ್ನಡದಂತೆ ಕೇಳಿಸುವುದುಂಟು. ನಮ್ಮ ಹಾಲು ಅಲ್ಲಿ ಪಾಲ್, ಹೂ ಅಲ್ಲಿ ಪೂ, ಹೊಳೆ ಅಲ್ಲಿ ಪೊಳೆ, ಹಾಡು ಅಲ್ಲಿ ಪಾಟ್. ಕನ್ನಡ ಸುಮಾರು ಸಾವಿರ ವರ್ಷಗಳ ಹಿಂದೆ ಪಕಾರವನ್ನು ಬಿಟ್ಟು ಹಕಾರಕ್ಕೆ ಒಲಿಯತೊಡಗಿತು. ಕೊಡವ ತಕ್ಕ್ ಒಲಿಯಲಿಲ್ಲ. ಕೆಲವು ಕಡೆ ಪದ ಒಂದೇ, ಅರ್ಥ ಬೇರೆ. ಕನ್ನಡದ ನರಿ ಊಳಿಡುವ ಸಣ್ಣ ಪ್ರಾಣಿ. ಕೊಡವರ ನರಿ ಸಾಕ್ಷಾತ್ ಹುಲಿ. ಹುಲಿಯನ್ನು ಕೊಂದ ವೀರನಿಗೆ ಹಿಂದಿನ ಕಾಲದಲ್ಲಿ ಮದುವೆಯ ಮಾದರಿಯಲ್ಲಿ ಗೌರವ ಸಲ್ಲಿಸುತ್ತಿದ್ದರು. ಅದಕ್ಕೆ ‘ನರಿ ಮಂಗಲ’ ಎಂದು ಹೆಸರು. ಇದನ್ನು ಕನ್ನಡದ ಅರ್ಥದಲ್ಲಿ ಓದಿಕೊಂಡರೆ ಆ ವೀರನಿಗೆ ಆಗುವ ಅನ್ಯಾಯ ಅಷ್ಟಿಷ್ಟಲ್ಲ.

ನಿಜವಾದ ತೊಡಕಿರುವುದು ಸ್ವರಗಳಲ್ಲಿ. ಕನ್ನಡದ ಅ, ಇ, ಉ, ಎ, ಒ ಎಂಬ ಐದು ಹ್ರಸ್ವ ಸ್ವರಗಳಲ್ಲದೆ ಕೊಡವ ತಕ್ಕ್‌ನಲ್ಲಿ ಇನ್ನೆರಡಿವೆ. ಅವಕ್ಕೆ ದೀರ್ಘ ರೂಪಗಳೂ ಉಂಟು. ತುಟಿಯನ್ನು ಮುಂದೆ ಚಾಚದೆ, ಅಗಲಿಸಿಕೊಂಡು ‘ಉ’ ಎನ್ನಲು ಪ್ರಯತ್ನಿಸಿದರೆ ಹೊರಡುವ ದನಿ ಅವುಗಳಲ್ಲಿ ಮೊದಲನೆಯದಕ್ಕೆ ಹತ್ತಿರ. ಎರಡನೆಯದು ಎಕಾರವನ್ನು ನಾಲಗೆಯ ಹಿಂದಕ್ಕೆ ಎಳೆದಂತೆ. ಈ ಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಹೀಗಾಗಿಯೇ ನಮ್ಮ ಪತ್ರಿಕೆಗಳಲ್ಲಿ ‘ತಕ್ಕ್’, ‘ಪಾಟ್’, ‘ಕೈಲ್ ಪೊಳ್ದ್’ ಎಂದು ಪದದ ಕೊನೆಗೆ ಒಂದು ಕೊಕ್ಕೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ಆ ಕೊಕ್ಕೆಯ ಜಾಗದಲ್ಲಿ ಕೊಡವರ ಬಾಯಲ್ಲಿ ಒಂದು ಸ್ವರ ಇದ್ದೇ ಇರುತ್ತದೆ. ಬರೆದದ್ದನ್ನು ನೋಡಿ ಓದುವ ಮಗುವಿಗೆ ಮಾತ್ರ ಅದು ಕಾಣುವುದಿಲ್ಲ.

ಈ ಸ್ವರಗಳನ್ನು ಶಾಸ್ತ್ರೀಯವಾಗಿ ವಿವರಿಸಿದವರು ಮರೆ ಎಮೆನೊ. ಕೆನಡಾದ ನೋವಾ ಸ್ಕೋಶಿಯಾದಲ್ಲಿ 1904ರಲ್ಲಿ ಹುಟ್ಟಿದ ಈ ವಿದ್ವಾಂಸರು 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋಟ, ಕೊಲಾಮಿ ಭಾಷೆಗಳ ಜೊತೆಗೆ ಕೊಡಗಿನ ಭಾಷೆಯನ್ನೂ ಅಭ್ಯಾಸ ಮಾಡಿದರು. ಕೊಡವ ಸ್ವರಗಳ ಕುರಿತ ಅವರ ಲೇಖನ ಪ್ರಕಟವಾದದ್ದು 1970ರಲ್ಲಿ. ಮೂರು ದಶಕಗಳ ಹಿಂದೆ ಕೇಳಿಸಿಕೊಂಡ ದನಿಗಳನ್ನು ಆತ ಅಷ್ಟು ಕಾಲ ಕೈಬಿಡದೆ ಕಾಪಾಡಿದ್ದರು. ಸ್ವಾರಸ್ಯವೆಂದರೆ ಕರೆನ್ ಭಾಷೆಯೂ ವಿದ್ವಾಂಸರಿಗೆ ಇಂಥದೇ ತಲೆನೋವು ಕೊಟ್ಟಿದೆ. ಅದು ಟಿಬೆಟೋ-ಬರ್ಮನ್ ವರ್ಗಕ್ಕೆ ಸೇರಿದ್ದು. ಆ ವರ್ಗದ ಬಹುಪಾಲು ಭಾಷೆಗಳಲ್ಲಿ ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಕರೆನ್‌ನಲ್ಲಿ ಮಾತ್ರ ನಡುವೆ ಬರುತ್ತದೆ. ಇದರಿಂದ ಅದನ್ನು ಯಾವ ಕವಲಿಗೆ ಹಾಕಬೇಕೆಂಬ ಬಗ್ಗೆ ಬಹಳ ಕಾಲ ಚರ್ಚೆ ನಡೆಯಿತು.

ಪಾದ್ರಿಗಳು ಬಂದರೂ ಲಿಪಿ ಬರಲಿಲ್ಲ

ಬ್ಯಾಸೆಲ್ ಮಿಷನ್ನಿನ ಮೋಗ್ಲಿಂಗ್ ಕೊಡಗಿಗೆ ಬಂದದ್ದು 1853ರಲ್ಲಿ. ಕಾರಣನಾದವನು ಅಳಮಂಡ ಸೋಮಯ್ಯ ಎಂಬ ಕೊಡವ. ಆತ ಮಂಗಳೂರಿನಲ್ಲಿ ಕ್ರೈಸ್ತನಾಗಿ ಊರಿಗೆ ಮರಳಿದಾಗ ಮೋಗ್ಲಿಂಗ್ ಜೊತೆಗೂಡಿದ. ತೆನಸೆರಿಮಿನಲ್ಲಿ ಆದಂತೆ ಇಲ್ಲೂ ಜನರು ಸಾಲುಗಟ್ಟಿ ಬರುತ್ತಾರೆಂಬ ನಿರೀಕ್ಷೆ ಆತನಿಗೆ ಇದ್ದಿರಬಹುದು. ಬರಲಿಲ್ಲ. ಕೊಡವರಲ್ಲಿ ಮತಾಂತರ ಹೊಂದಿದವರು ಬೆರಳೆಣಿಕೆಯಷ್ಟು. ಜೀತದಲ್ಲಿದ್ದ ಹೊಲೆಯರಲ್ಲಿ ಕೆಲವರು ಸೇರಿದ್ದರಿಂದ ಅಮ್ಮತ್ತಿಯ ಹತ್ತಿರ ಆನಂದಪುರ ಎಂಬ ನೆಲೆ ಹುಟ್ಟಿಕೊಂಡಿತು. ಅಷ್ಟೇ.

ಕೊಡವರು ಕಾಯುತ್ತಿದ್ದ ಕಳೆದ ಪುಸ್ತಕ ಯಾವುದೂ ಇರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಅವರಿಗೆ ಬೇಕಾದಾಗ ಬಳಸಲು ಕನ್ನಡವಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಕೊನೆಗೊಂಡ ಹಾಲೇರಿ ಅರಸರ ಆಳ್ವಿಕೆ ನಡೆದದ್ದು ಕನ್ನಡದಲ್ಲಿ. ದೊಡ್ಡವೀರರಾಜೇಂದ್ರ ಬರೆಯಿಸಿದ ‘ರಾಜೇಂದ್ರನಾಮೆ’ ಎಂಬ ವಂಶಚರಿತ್ರೆಯೂ ಕನ್ನಡದ್ದೇ. ಕಂದಾಯದ ಲೆಕ್ಕ, ಹುಕುಂನಾಮೆ, ಕಾಗದಪತ್ರ ಎಲ್ಲವೂ ಕನ್ನಡ. ಇಂಗ್ಲಿಷರು ಬಂದ ಮೇಲೆ ಶಾಲೆಯೂ ಕನ್ನಡವಾಯಿತು. ಕನ್ನಡದಲ್ಲಿ ಆಗಲೇ ಪಳಗಿದ್ದ, ಕನ್ನಡದ ಅಚ್ಚಿನ ಮೊಳೆಗಳಿದ್ದ ಬ್ಯಾಸೆಲ್ ಮಿಷನ್ನಿಗೆ ಕೊಡವ ತಕ್ಕ್‌ಗೆ ಹೊಸ ಲಿಪಿ ಕಟ್ಟುವ ಅಗತ್ಯವೇ ಕಾಣಲಿಲ್ಲ. ಮೋಗ್ಲಿಂಗ್ 1855ರಲ್ಲಿ ಇಂಗ್ಲಿಷಿನಲ್ಲಿ ಕೊಡಗಿನ ವೃತ್ತಾಂತ ಬರೆದ. ಕ್ಯಾಪ್ಟನ್ ಕೋಲ್ 1867ರಲ್ಲಿ ಕೊಡವ ಭಾಷೆಗೆ ಒಂದು ಪ್ರಾಥಮಿಕ ವ್ಯಾಕರಣ ಸಿದ್ಧಪಡಿಸಿದ. 1870ರಲ್ಲಿ ಗ್ರೇಟರ್ ಎಂಬ ಮಿಷನರಿ ಕೆಲವು ಕೊಡವ ಹಾಡುಗಳನ್ನು ವ್ಯಾಕರಣದ ಟಿಪ್ಪಣಿಯೊಂದಿಗೆ ಹೊರತಂದ. ಅದೇ ವರ್ಷ ರಿಕ್ಟರನ ಕೊಡಗಿನ ಕೈಪಿಡಿ ಬಂತು. ಇವೆಲ್ಲ ಆಡಳಿತಗಾರರಿಗೂ ಪಂಡಿತರಿಗೂ ಉಪಯುಕ್ತ ಪುಸ್ತಕಗಳು. ಕೊಡವರು ತಮ್ಮ ಮಾತನ್ನು ತಾವೇ ಓದಿಕೊಳ್ಳುವುದಕ್ಕಾಗಿ ಬಂದ ಪುಸ್ತಕ ಇವುಗಳಲ್ಲಿ ಒಂದೂ ಇಲ್ಲ.

ಆ ಕೆಲಸ ಕೊಡವರ ಕೈಯಿಂದಲೇ ಆಗಬೇಕಾಯಿತು. ಮೊದಲು ಕೈಹಾಕಿದವರು ಕಿರುಂದಾಡಿನ ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿ. 1868ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ ಇವರು ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಈ ನಾಲ್ಕು ವಸ್ತುಗಳ ಮೇಲೆ ಕೊಡವ ತಕ್ಕ್‌ನಲ್ಲಿ ನಾಟಕಗಳನ್ನು ಬರೆದರು. 1906ರ ಯಯಾತಿ ನಾಟಕದಿಂದ ಕೊಡವ ಭಾಷೆಯ ಲಿಖಿತ ಸಾಹಿತ್ಯ ಶುರುವಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಪುರಾಣದ ಕಥೆ, ಕನ್ನಡ ಲಿಪಿ, ಕೊಡವ ಮಾತು. ಕಂಪನಿ ನಾಟಕಗಳ ಆ ಯುಗದಲ್ಲಿ ರಂಗದ ಮೇಲಿನ ರಾಜರು ತಮ್ಮ ಮನೆಮಾತನ್ನೇ ಆಡುವುದನ್ನು ಕೇಳಿ ಕೊಡಗಿನ ಪ್ರೇಕ್ಷಕರು ಎಷ್ಟು ಹಿಗ್ಗಿರಬೇಡ!

ಪಟ್ಟೋಲೆ ಪಳಮೆ

ಇಷ್ಟಾದರೂ ಕೊಡವರ ನಿಜವಾದ ಪುಸ್ತಕ ಬರಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ನಡಿಕೇರಿಯಂಡ ಚಿಣ್ಣಪ್ಪ (1875-1931) ಪಂಡಿತ ಪರಂಪರೆಯವರಲ್ಲ. ಉಪಾಧ್ಯಾಯರಾಗಿದ್ದು, ಆಮೇಲೆ ಪೊಲೀಸ್ ಇಲಾಖೆಯ ನೌಕರಿ ಮಾಡಿದವರು. ಅವರು ಊರೂರು ತಿರುಗಿ, ಹಿರಿಯರ ಮುಂದೆ ಕುಳಿತು, ಹಾಡುಗಳನ್ನೂ ಗಾದೆಗಳನ್ನೂ ಒಗಟುಗಳನ್ನೂ ಪದ್ಧತಿಗಳ ವಿವರಗಳನ್ನೂ ಬರೆದುಕೊಂಡರು. ಅದೆಲ್ಲ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಹೆಸರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ರೇಷ್ಮೆಯಂಥ ಹಳೆಯ ನುಡಿ ಎಂದು ಹೆಸರಿಗೆ ಅರ್ಥ ಹೇಳಬಹುದು.

ಪುಸ್ತಕದ ಬಹುಪಾಲು ಹಾಡುಗಳೇ. ಕೊಡವರ ಬದುಕಿನಲ್ಲಿ ಈ ಹಾಡುಗಳ ಸ್ಥಾನ ಎಂಥದೆಂದು ತಿಳಿಯದಿದ್ದರೆ ಪುಸ್ತಕದ ಬೆಲೆ ತಿಳಿಯುವುದಿಲ್ಲ. ಹಳೆಯ ಪದ್ಧತಿಯ ಕೊಡವ ಮದುವೆಗೆ ಪುರೋಹಿತರು ಬೇಕಿಲ್ಲ. ಮನೆಯ ಹಿರಿಯರೇ ಎಲ್ಲವನ್ನೂ ನಡೆಸುತ್ತಾರೆ. ಮಂತ್ರದ ಜಾಗದಲ್ಲಿ ಇರುವುದು ಪಾಟ್. ದುಡಿ ಎಂಬ ಸಣ್ಣ ವಾದ್ಯ ಹಿಡಿದ ನಾಲ್ವರು ಗಂಡಸರು, ಇಬ್ಬಿಬ್ಬರಾಗಿ, ಒಂದು ಜೋಡಿ ಹಾಡಿದ್ದನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುವಂತೆ ಗಂಟೆಗಟ್ಟಲೆ ಹಾಡುತ್ತಾರೆ. ಮದುವೆಗೆ ಒಂದು, ಸಾವಿಗೆ ಒಂದು, ಪುತ್ತರಿಗೆ ಒಂದು. ಕಲಿಯಾಟಂಡ ಪೊನ್ನಪ್ಪ, ಕೆಯ್ಯಂಡಿರ ಅಪ್ಪಯ್ಯ ಮೊದಲಾದ ವೀರರ ಕಥೆಗಳೂ ಹಾಡಾಗಿಯೇ ಉಳಿದಿವೆ. ವಧೂವರರ ಮನೆತನ, ಅವರ ಊರು, ಹಿರಿಯರು, ಮನೆಗೆ ಬಂದ ನೆಂಟರು ಎಲ್ಲ ಹಾಡಿನೊಳಗೆ ಬರುತ್ತಾರೆ. ಹಾಡುಗಾರನಿಗೆ ಆಯಾ ಸಂದರ್ಭಕ್ಕೆ ತಕ್ಕಂತೆ ಹೆಸರುಗಳನ್ನು ಕೂಡಿಸುವ ಸ್ವಾತಂತ್ರ್ಯವಿದೆ. ಚೌಕಟ್ಟು ಮಾತ್ರ ಹಿರಿಯರದು.

ಈ ಕಾರಣದಿಂದ ಕೊಡವರ ಹಾಡು ಏಕಕಾಲಕ್ಕೆ ಅವರ ಶಾಸ್ತ್ರಗ್ರಂಥ, ಚರಿತ್ರೆ ಮತ್ತು ವಂಶಾವಳಿ. ಒಕ್ಕ ಎಂದು ಕರೆಯುವ ಕುಲ, ಆ ಒಕ್ಕಕ್ಕೆ ಸೇರಿದ ಐನ್‌ಮನೆ ಎಂಬ ಮೂಲ ಮನೆ, ಹಿರಿಯರ ನೆನಪಿನ ಕೈಮಡ ಇವುಗಳ ಸುತ್ತ ಕೊಡವರ ಸಮಾಜ ನಿಂತಿದೆ. ಹೆಸರಿನ ಮುಂದೆ ಬರುವ ನಡಿಕೇರಿಯಂಡ, ಅಪ್ಪನೆರವಂಡ, ಬೊವ್ವೇರಿಯಂಡ ಎಂಬವು ಈ ಒಕ್ಕಗಳ ಹೆಸರುಗಳು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದು ಕೊಡಂದೇರ; ಜನರಲ್ ತಿಮ್ಮಯ್ಯನವರದು ಕೊಡೆಂದೇರ. ಹೊರಗಿನವರಿಗೆ ಎರಡೂ ಒಂದೇ ಎನಿಸಿದರೆ ತಪ್ಪಿಲ್ಲ. ಒಂದು ಸ್ವರದ ವ್ಯತ್ಯಾಸದಲ್ಲಿ ಎರಡು ಬೇರೆ ಮನೆತನಗಳಿವೆ.

ಒಂದು ಸಮುದಾಯದ ಜಾನಪದವನ್ನು ಅದೇ ಸಮುದಾಯದವರೊಬ್ಬರು ಇಷ್ಟು ವ್ಯಾಪಕವಾಗಿ ಸಂಗ್ರಹಿಸಿದ ಉದಾಹರಣೆಗಳು ಆ ಕಾಲದ ಭಾರತದಲ್ಲಿ ವಿರಳ. ಎಮೆನೊ ಈ ಪುಸ್ತಕವನ್ನು ಬಳಸಿಕೊಂಡರು. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ, ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥಕ್ಕೂ ಇದು ಆಧಾರವಾಯಿತು. ‘ಸಂಸ್ಕೃತೀಕರಣ’ ಎಂಬ ಮಾತು ಸಮಾಜಶಾಸ್ತ್ರದಲ್ಲಿ ಬೇರೂರಿದ್ದು ಆ ಗ್ರಂಥದಿಂದ. ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಚರ್ಚೆಯಾಗುವ ಒಂದು ಸಿದ್ಧಾಂತದ ಹಿಂದೆ ಕೊಡಗಿನ ಪೊಲೀಸ್ ನೌಕರರೊಬ್ಬರ ಟಿಪ್ಪಣಿ ಪುಸ್ತಕವಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಚಿಣ್ಣಪ್ಪನವರು ಮುಂದೆ ಭಗವದ್ಗೀತೆಯನ್ನೂ ಕೊಡವ ತಕ್ಕ್‌ಗೆ ಹಾಡಾಗಿ ತಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಡವ ತಕ್ಕ್ ಕೊಡವರೊಬ್ಬರದೇ ಅಲ್ಲ. ಹೆಗ್ಗಡೆ, ಐರಿ, ಮೇದ, ಕೆಂಬಟ್ಟಿ ಮೊದಲಾದ ಹಲವು ಸಮುದಾಯಗಳ ಮನೆಮಾತೂ ಅದೇ. ಹಬ್ಬ ಮದುವೆಗಳಲ್ಲಿ ವಾದ್ಯ ನುಡಿಸುವವರು, ಬಿದಿರು ಹೆಣೆಯುವವರು, ಕಬ್ಬಿಣ ಬಡಿಯುವವರು ಇವರೇ. ಅವರಿಗೂ ಹಾಡುಗಳಿವೆ. ಅವರಿಗೆ ಪಟ್ಟೋಲೆ ಪಳಮೆಯಷ್ಟು ಹೆಸರಾದ ಸಂಗ್ರಹವೊಂದು ದೊರೆಯಲಿಲ್ಲ.

ಪುಸ್ತಕವಿದ್ದವರ ಪಾಡು

ಈಗ ಬರ್ಮಾಕ್ಕೆ ಮರಳೋಣ. ಸ್ವಂತ ಬರಹ, ಸ್ವಂತ ಪತ್ರಿಕೆ, ಶಾಲೆಗಳು ಬಂದ ಮೇಲೆ ಕರೆನ್ನರಲ್ಲಿ ಓದಿದ ವರ್ಗವೊಂದು ಬೆಳೆಯಿತು. 1881ರಲ್ಲಿ ಅವರದೇ ರಾಷ್ಟ್ರೀಯ ಸಂಘ ಹುಟ್ಟಿತು. ಸುಗ್ಗಿಯ ನಂತರ ಬರುವ ಕರೆನ್ ಹೊಸ ವರ್ಷಕ್ಕೆ 1938ರಿಂದ ಸರ್ಕಾರಿ ರಜೆ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಕರೆನ್ನರು ಜಪಾನೀಯರ ವಿರುದ್ಧ ಇಂಗ್ಲಿಷರ ಪರ ಹೋರಾಡಿದರು. ಅದೇ ಬರ್ಮಾದ ಆರಕಾನ್ ರಣರಂಗದಲ್ಲಿ 1945ರ ಜನವರಿಯ ಕಂಗಾವ್ ಕಾಳಗದಲ್ಲಿ ಹೈದರಾಬಾದ್ ರೆಜಿಮೆಂಟಿನ ಪಡೆಯೊಂದನ್ನು ಮುನ್ನಡೆಸಿದವರು ನಮ್ಮ ತಿಮ್ಮಯ್ಯ.

ಯುದ್ಧ ಮುಗಿದ ಮೇಲೆ ಇಂಗ್ಲಿಷರು ಕರೆನ್ನರಿಗೆ ಪ್ರತ್ಯೇಕ ನಾಡು ಕೊಡಿಸದೆ 1948ರಲ್ಲಿ ಹೊರಟುಹೋದರು. 1949ರ ಜನವರಿ 31ರಂದು ಆರಂಭವಾದ ಸಶಸ್ತ್ರ ಹೋರಾಟ ಜಗತ್ತಿನ ಅತಿ ದೀರ್ಘ ಅಂತರ್ಯುದ್ಧಗಳಲ್ಲಿ ಒಂದು. 2015ರಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. 2021ರ ಸೇನಾಕ್ರಾಂತಿಯ ನಂತರ ಮತ್ತೆ ಗುಂಡು ಹಾರತೊಡಗಿತು. 1962ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಸರ್ಕಾರಿ ಶಾಲೆಗಳಿಂದ ಕರೆನ್ ಭಾಷೆಯನ್ನು ಹೊರಗಿಟ್ಟರು. ಚರ್ಚಿನಲ್ಲಿ, ಬೌದ್ಧ ಮಠಗಳಲ್ಲಿ, ಹೋರಾಟಗಾರರ ಹಿಡಿತದ ಹಳ್ಳಿಗಳಲ್ಲಿ ಮಾತ್ರ ಅದು ಪಾಠವಾಗಿ ಉಳಿಯಿತು. ಥಾಯ್ಲೆಂಡಿನ ಗಡಿಯ ಮೇ ಲಾ ನಿರಾಶ್ರಿತ ಶಿಬಿರ 1984ರಿಂದ ಇದೆ. ಅಲ್ಲಿನ ಬಿದಿರಿನ ಶಾಲೆಗಳಲ್ಲಿ ಓದಿ ಬೆಳೆದ ಮಕ್ಕಳಿಗೆ ಈಗ ಮಕ್ಕಳಿದ್ದಾರೆ.

ಲಿಪಿಯೂ ಒಡಕಿಲ್ಲದ ವರವಾಗಲಿಲ್ಲ. ಪಾದ್ರಿಗಳು ಬೆಳೆಸಿದ್ದು ಮುಖ್ಯವಾಗಿ ಸ್ಗಾ ಕರೆನ್ ಭಾಷೆಯನ್ನು. ಪ್ವೋ ಎಂಬ ಇನ್ನೊಂದು ದೊಡ್ಡ ಪಂಗಡದ ಬೌದ್ಧರು ಮೋನ್ ಲಿಪಿಯಿಂದ ಬೆಳೆದ ತಮ್ಮ ಮಠದ ಬರಹವನ್ನು ಬಳಸುತ್ತಿದ್ದರು. ಕರೆನ್ನರಲ್ಲಿ ಬೌದ್ಧರೇ ಹೆಚ್ಚು. ಮುಂದಾಳುಗಳು ಹೆಚ್ಚಾಗಿ ಕ್ರೈಸ್ತರು. ಅಕ್ಷರವೇ ಮತದ ಗುರುತಾಗಿ ನಿಂತಿತು. 1994ರ ಡಿಸೆಂಬರಿನಲ್ಲಿ ಬೌದ್ಧ ಕರೆನ್ ಸೈನಿಕರು ಹೋರಾಟದ ಪಡೆಯಿಂದ ಸಿಡಿದು ಬೇರೆಯಾದರು. ಮುಂದಿನ ತಿಂಗಳೇ ಹೋರಾಟಗಾರರ ಕೇಂದ್ರವಾಗಿದ್ದ ಮಾನರ್‌ಪ್ಲಾ ಬಿತ್ತು. ಈ ಒಡಕಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಎರಡು ಬಗೆಯ ಪುಸ್ತಕ ಓದುವ ಎರಡು ಬಗೆಯ ಕರೆನ್ನರು ಒಂದೂವರೆ ಶತ ಹಿಂದೆಯೇ ರೂಪುಗೊಂಡಿದ್ದರು ಎಂಬುದನ್ನು ತಳ್ಳಿಹಾಕಲಾಗದು.

ಕರೆನ್ನರು ಭಾರತದಲ್ಲೂ ಇದ್ದಾರೆ. 1925ರಲ್ಲಿ ಕಾಡಿನ ಕೆಲಸಕ್ಕೆಂದು ಕೆಲವು ಕುಟುಂಬಗಳನ್ನು ಬರ್ಮಾದಿಂದ ಅಂಡಮಾನಿಗೆ ಕರೆತರಲಾಯಿತು. ಮಧ್ಯ ಅಂಡಮಾನಿನ ಮಾಯಾಬಂದರಿನ ಬಳಿಯ ವೆಬಿ ಎಂಬ ಊರು ಅವರು ಕಟ್ಟಿದ್ದು.

ಕೊಡಗಿನಲ್ಲಿ ಇಂಥ ರಕ್ತಪಾತ ನಡೆಯಲಿಲ್ಲ. ಸ್ವಾತಂತ್ರ್ಯಾನಂತರ ಕೊಡಗು ಒಂದು ಪುಟ್ಟ ‘ಸಿ’ ದರ್ಜೆಯ ರಾಜ್ಯವಾಗಿತ್ತು. 1952ರ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ 15 ಕಾಂಗ್ರೆಸ್ಸಿಗೆ ಬಂದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಉಳಿದ 9 ಸ್ಥಾನ ಗೆದ್ದವರಲ್ಲಿ ಪಂದ್ಯಂಡ ಬೆಳ್ಯಪ್ಪನವರ ‘ತಕ್ಕಡಿ’ ಗುಂಪು ಮೈಸೂರಿನೊಂದಿಗೆ ವಿಲೀನವಾಗುವುದನ್ನು ವಿರೋಧಿಸುತ್ತಿತ್ತು. 1956ರ ನವೆಂಬರ್ 1ರಂದು ವಿಲೀನವಾಯಿತು. ಆ ವಾದವಿವಾದ ಪೂರ್ತಿ ಮುಗಿದಿಲ್ಲವೆಂಬುದನ್ನು ಆಗಾಗ ಕೇಳಿಬರುವ ಸ್ವಾಯತ್ತತೆಯ ಬೇಡಿಕೆ ನೆನಪಿಸುತ್ತದೆ.

ಲಕ್ಷದ ಲೆಕ್ಕ

ಕೊಡವ ತಕ್ಕ್ ಆಡುವವರೆಷ್ಟು? 1991ರ ಜನಗಣತಿಯಲ್ಲಿ 97,011 ಮಂದಿ ಇದನ್ನು ಮಾತೃಭಾಷೆಯೆಂದು ಬರೆಸಿದರು. 2001ರಲ್ಲಿ ಆ ಸಂಖ್ಯೆ 1,66,187ಕ್ಕೆ ಏರಿತು. 2011ರಲ್ಲಿ 1,13,857ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಐವತ್ತು ಸಾವಿರ ಜನ ಒಂದು ಭಾಷೆಯನ್ನು ಕಲಿತು ಮರೆಯುವುದು ಸಾಧ್ಯವಿಲ್ಲ. ಗಣತಿಯವರು ಬಾಗಿಲಿಗೆ ಬಂದಾಗ ಯಾವ ಹೆಸರು ಹೇಳಬೇಕು, ಬರೆದುಕೊಳ್ಳುವವರು ಅದನ್ನು ಯಾವ ಅಂಕಣಕ್ಕೆ ಹಾಕುತ್ತಾರೆ ಎಂಬುದರಲ್ಲೇ ಏರಿಳಿತದ ಗುಟ್ಟು ಇರುವಂತಿದೆ. ಅದೇನೇ ಇರಲಿ, 2011ರಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ದೇಶದ ಎಲ್ಲ ಕೊಡವ ಭಾಷಿಕರನ್ನೂ ಅಲ್ಲಿಗೆ ತಂದು ಕೂರಿಸಿದರೂ ಐದರಲ್ಲಿ ಒಂದು ಪಾಲಷ್ಟೇ. ಕನ್ನಡ, ಅರೆಭಾಷೆ, ಮಲಯಾಳ, ತುಳು, ತಮಿಳು ಇವುಗಳ ನಡುವೆ ಕೊಡವ ತಕ್ಕ್ ತನ್ನ ತವರಿನಲ್ಲೇ ಅಲ್ಪಸಂಖ್ಯಾತ ಭಾಷೆ. ಯುನೆಸ್ಕೋ ಸಂಸ್ಥೆ ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ.

ಮನೆಯ ಮಾತೊಂದು, ಬರಹದ ಮಾತೊಂದು ಆಗಿರುವುದು ಕರ್ನಾಟಕದಲ್ಲಿ ಅಪರೂಪವೇನಲ್ಲ. ನಮ್ಮ ಹೊಸಕೋಟೆ ತಾಲ್ಲೂಕಿನ ನಂದಗುಡಿ ಕಡೆಗೇ ಬಂದರೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಬೆರಕೆ, ಶಾಲೆ ಕಚೇರಿಗಳಲ್ಲಿ ಕನ್ನಡ ಎಂಬ ಕುಟುಂಬಗಳು ಬೇಕಾದಷ್ಟಿವೆ. ಅವರಲ್ಲಿ ಅನೇಕರಿಗೆ ತೆಲುಗು ಅಕ್ಷರ ಬರುವುದಿಲ್ಲ. ಅದೊಂದು ಕೊರತೆಯೆಂದು ಅವರಿಗೆ ಅನಿಸಿದಂತೆಯೂ ಇಲ್ಲ. ನಂದಗುಡಿಯ ಮಕ್ಕಳು ನಾಳೆ ತೆಲುಗು ಮರೆತರೂ ತೆಲುಗಿಗೆ ಏನೂ ಆಗುವುದಿಲ್ಲ. ಅದನ್ನು ಕಾಯಲು ಎರಡು ರಾಜ್ಯಗಳಿವೆ. ವಿರಾಜಪೇಟೆಯ ಮಕ್ಕಳು ಕೊಡವ ತಕ್ಕ್ ಮರೆತರೆ ಅದನ್ನು ಕೇಳಲು ಹೋಗಬೇಕಾದ ಬೇರೆ ಊರು ಭೂಮಿಯ ಮೇಲೆ ಇಲ್ಲ.

ಈ ಆತಂಕವೇ ಸ್ವಂತ ಲಿಪಿಯ ಬೇಡಿಕೆಯ ಹಿಂದಿರುವುದು. ಡಾ. ಐ.ಎಂ. ಮುತ್ತಣ್ಣ 1970ರ ಸುಮಾರಿಗೇ ಕೊಡವ ತಕ್ಕ್‌ಗೆ ಲಿಪಿಯೊಂದನ್ನು ರೂಪಿಸಿದ್ದರು. 2005ರಲ್ಲಿ ಗ್ರೆಗ್ ಕಾಕ್ಸ್ ಎಂಬ ವಿದೇಶಿ ಭಾಷಾತಜ್ಞ ಇನ್ನೊಂದನ್ನು ಕಟ್ಟಿದ. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಹುಟ್ಟಿದ್ದು 1994ರಲ್ಲಿ. ಮುತ್ತಣ್ಣನವರ ಲಿಪಿಗೆ ಅದು ಒಪ್ಪಿಗೆ ಕೊಟ್ಟದ್ದು ಇತ್ತೀಚಿನ ವರ್ಷಗಳಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕೆಂಬ ಬೇಡಿಕೆಯಿರುವ 38 ಭಾಷೆಗಳ ಪಟ್ಟಿಯಲ್ಲಿ ತುಳುವಿನಂತೆ ಕೊಡವವೂ ಇದೆ.

ಲಿಪಿ ಬೇಕೆನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಬರೆದು ತೋರಿಸಲಾಗದ ಸ್ವರ ಕ್ರಮೇಣ ಬಾಯಿಂದಲೂ ಜಾರಬಹುದು. ಆದರೆ ಎರಡು ಹೆಚ್ಚಿನ ಸ್ವರಗಳಿಗೆ ಕನ್ನಡ ಲಿಪಿಯಲ್ಲೇ ಎರಡು ಗುರುತುಗಳನ್ನು ಸೇರಿಸಿದರೆ ಸಾಲದೇ? ವೇಡ್ ಪಾದ್ರಿ ಬರ್ಮೀ ಲಿಪಿಗೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಅಪ್ಪಚ್ಚ ಕವಿಯ ನಾಟಕ, ಪಟ್ಟೋಲೆ ಪಳಮೆ, ‘ಬ್ರಹ್ಮಗಿರಿ’ ವಾರಪತ್ರಿಕೆ ಎಲ್ಲವೂ ಬಂದದ್ದು ಕನ್ನಡ ಅಕ್ಷರದಲ್ಲಿ. ಹೊಸ ಲಿಪಿ ಕಲಿತ ಮಗು ಈ ಎಲ್ಲವನ್ನೂ ಓದಬೇಕಾದರೆ ಯಾರಾದರೂ ಮೊದಲಿನಿಂದ ಮತ್ತೆ ಬರೆಯಬೇಕಾಗುತ್ತದೆ. ಈ ಲೇಖಕನಿಗೆ ತೋರುವಂತೆ ಲಿಪಿಗಿಂತ ತುರ್ತಾದ ಸಮಸ್ಯೆ ಬೇರೆಯಿದೆ. ಕಾಫಿ ತೋಟದ ಮನೆಗಳಿಂದ ಬೆಂಗಳೂರಿಗೆ, ಅಲ್ಲಿಂದ ಇನ್ನೂ ದೂರಕ್ಕೆ ಹೋದ ಕುಟುಂಬಗಳಲ್ಲಿ ಮಕ್ಕಳು ಅಜ್ಜಿಯೊಂದಿಗೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ?

ಸಂಸ್ಕೃತಿ ಉಳಿದು ಭಾಷೆ ಸವೆಯುವುದೂ ಸಾಧ್ಯ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಒಕ್ಕಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಹಾಕಿ ಹಬ್ಬ ಈಗ ಮುನ್ನೂರಕ್ಕೂ ಹೆಚ್ಚು ತಂಡಗಳ ಜಾತ್ರೆಯಾಗಿ ಬೆಳೆದಿದೆ. ಊರು ಬಿಟ್ಟವರು ತಮ್ಮ ಒಕ್ಕದ ಪರವಾಗಿ ಆಡಲು ರಜೆ ಹಾಕಿ ಬರುತ್ತಾರೆ. ಸೆಪ್ಟೆಂಬರಿನ ಕೈಲ್ ಪೊಳ್ದ್‌ಗೆ ಕೋವಿಗಳಿಗೆ ಪೂಜೆ ನಡೆಯುತ್ತದೆ. ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಜನ ಸೇರುತ್ತಾರೆ. ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ. ಇವುಗಳಲ್ಲಿ ಯಾವುದೂ ಕುಂದಿದಂತೆ ಕಾಣುವುದಿಲ್ಲ. ದುಡಿ ಹಿಡಿದು ಮದುವೆಯ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಬಲ್ಲ ನಾಲ್ವರನ್ನು ಹುಡುಕುವುದು ಮಾತ್ರ ಮೊದಲಿನಷ್ಟು ಸುಲಭವಲ್ಲ.

ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಪಟ್ಟೋಲೆ ಪಳಮೆಯನ್ನು ಇಂಗ್ಲಿಷಿಗೆ ತಂದು 2003ರಲ್ಲಿ ಪ್ರಕಟಿಸಿದರು. ಆ ಬಳಿಕ ಅವರು ಕೊಡಗಿನ ಐನ್‌ಮನೆಗಳನ್ನು ಒಂದೊಂದಾಗಿ ಹುಡುಕಿ ಹೋಗಿ ದಾಖಲಿಸಿದರು. ಅಜ್ಜ ಹಾಡುಗಾರರನ್ನು ಹುಡುಕಿ ಹೊರಟಿದ್ದ ಊರುಗಳ ಅದೇ ದಾರಿಗಳಲ್ಲಿ ಮೊಮ್ಮಕ್ಕಳು ಮನೆಗಳನ್ನು ಹುಡುಕಿ ಹೊರಟರು. ಕೆಲವು ಕಡೆ ಅವರಿಗೆ ಸಿಕ್ಕಿದ್ದು ಪಾಯದ ಕಲ್ಲುಗಳು ಮಾತ್ರ.